ರಷ್ಯನ್ನರ ಇಂಗ್ಲಿಷಿನಲ್ಲಿ ಕಾಣೆಯಾಗುವ ಪುಟ್ಟ ಪದಗಳು

ರಷ್ಯಾದಲ್ಲಿ ಶಾಲೆ ಕಲಿತವರಿಗೆಲ್ಲ ಬಾಯಿಪಾಠವಾಗಿರುವ ಇಂಗ್ಲಿಷ್ ವಾಕ್ಯವೊಂದಿದೆ: 'ಲಂಡನ್ ಈಸ್ ದ ಕ್ಯಾಪಿಟಲ್ ಆಫ್ ಗ್ರೇಟ್ ಬ್ರಿಟನ್'. ಇಂಗ್ಲಿಷ್ ಪಾಠ ಎಂದೊಡನೆ ಅಲ್ಲಿನವರ ನಾಲಿಗೆಗೆ ಬರುವುದೇ ಇದು. ಎಣಿಸಿದರೆ ಇದರಲ್ಲಿ 7 ಪದಗಳಿವೆ. ಇದನ್ನೇ ರಷ್ಯನ್ ಭಾಷೆಯಲ್ಲಿ ಹೇಳಲು 3 ಪದ ಸಾಕು: 'ಲೊಂಡನ್ ಸ್ತಲೀತ್ಸ ವೆಲಿಕಬ್ರಿತಾನಿಯಿ'. ಗ್ರೇಟ್ ಬ್ರಿಟನ್ ಎಂಬ ಹೆಸರು ರಷ್ಯನ್ನಿನಲ್ಲಿ ಒಂದೇ ಪದ. ಅದನ್ನು ಬದಿಗಿಟ್ಟರೆ ಉಳಿಯುವ ವ್ಯತ್ಯಾಸವೆಲ್ಲ 'ಈಸ್', 'ದ', 'ಆಫ್' ಎಂಬ ಮೂರು ಪುಟ್ಟ ಪದಗಳದ್ದು. 'ಈಸ್' ಬರಬೇಕಾದ ಕಡೆ ರಷ್ಯನ್ ಬರವಣಿಗೆಯಲ್ಲಿ ಒಂದು ಅಡ್ಡಗೆರೆ ಇರುತ್ತದೆ. 'ಆಫ್' ಮಾಡುವ ಕೆಲಸವನ್ನು ದೇಶದ ಹೆಸರಿನ ಕೊನೆಗೆ ಸೇರಿದ ವಿಭಕ್ತಿ ಪ್ರತ್ಯಯ ಮಾಡುತ್ತದೆ. 'ದ' ಎಂಬುದಕ್ಕೆ ಮಾತ್ರ ಅಲ್ಲಿ ಸಾಟಿಯಾದ ಪದವೂ ಇಲ್ಲ, ಪ್ರತ್ಯಯವೂ ಇಲ್ಲ.

ರಷ್ಯನ್ ಮನೆಮಾತಿನವರು ಇಂಗ್ಲಿಷ್ ಕಲಿಯುವಾಗ ಎಡವುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ. ದೊಡ್ಡ ಪದಗಳನ್ನು ಅವರು ಬೇಗ ಕಲಿಯುತ್ತಾರೆ. 'ಟೆಕ್ನಾಲಜಿ', 'ಯೂನಿವರ್ಸಿಟಿ', 'ಪ್ರಾಬ್ಲಮ್' ಮುಂತಾದ ನೂರಾರು ಪದಗಳು ಸ್ವಲ್ಪ ಉಚ್ಚಾರ ಬದಲಿಸಿಕೊಂಡು ರಷ್ಯನ್ನಿನಲ್ಲೂ ಇವೆ. ಕಷ್ಟ ಕೊಡುವುದು ವಾಕ್ಯವನ್ನು ಕಟ್ಟಿ ನಿಲ್ಲಿಸುವ ಚಿಕ್ಕ ಪದಗಳು. ಅವು ಅಪರೂಪದವೂ ಅಲ್ಲ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ 10 ಲಕ್ಷ ಪದಗಳನ್ನು ಆಯ್ದು ಬ್ರೌನ್ ವಿಶ್ವವಿದ್ಯಾಲಯದವರು ಒಂದು ಪಠ್ಯಸಂಗ್ರಹ ಮಾಡಿದರು. ಅದರಲ್ಲಿ 'ದ' ಒಂದೇ ಸುಮಾರು 70,000 ಸಲ ಬಂದಿದೆ. ಅಂದರೆ 300 ಪದಗಳ ಒಂದು ಪುಟದಲ್ಲಿ ಹೆಚ್ಚುಕಡಿಮೆ 20 ಸಲ ಕಲಿಯುವವರಿಗೆ ಅದು ಎದುರಾಗುತ್ತದೆ. ಆದರೂ ಕಣ್ಣು ಅದರ ಮೇಲೆ ನಿಲ್ಲದೆ ಮುಂದೆ ಸಾಗುತ್ತದೆ.

ಕಾರಣ ತಿಳಿಯಲು ರಷ್ಯನ್ ವಾಕ್ಯದ ರಚನೆ ನೋಡಬೇಕು. ರಷ್ಯನ್ನಿನಲ್ಲಿ 6 ವಿಭಕ್ತಿಗಳಿವೆ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಪದದ ಕೊನೆ ಹೇಳುತ್ತದೆ. 'ಮಾಶ ವೀದಿತ್ ಸಾಶು' ಎಂದರೂ 'ಸಾಶು ವೀದಿತ್ ಮಾಶ' ಎಂದರೂ ನೋಡುತ್ತಿರುವವಳು ಮಾಶಳೇ; ಸಾಶ ಎಂಬ ಹೆಸರು 'ಸಾಶು' ಆದೊಡನೆ ಅದು ಕರ್ಮ ಎಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಹೆಸರುಗಳನ್ನು ಹಿಂದೆಮುಂದೆ ಮಾಡಿದರೆ ನೋಡುವವರೇ ಬೇರೆಯಾಗಿಬಿಡುತ್ತಾರೆ. ಲೆನಿನ್‌ಗ್ರಾದಿನ ಭಾಷಾವಿಜ್ಞಾನಿ ಲೆವ್ ಶ್ಚೆರ್ಬಾ (1880–1944) ತಮ್ಮ ವಿದ್ಯಾರ್ಥಿಗಳಿಗೆ ಒಂದು ವಾಕ್ಯ ಕೊಡುತ್ತಿದ್ದರು. ಅದರ ಧಾತುಗಳೆಲ್ಲ ಅರ್ಥವಿಲ್ಲದ ಸದ್ದುಗಳು, ಪ್ರತ್ಯಯಗಳು ಮಾತ್ರ ಅಪ್ಪಟ ರಷ್ಯನ್. ಯಾವುದೋ ಹೆಣ್ಣು ಜೀವಿ ಒಂದು ಗಂಡು ಪ್ರಾಣಿಗೆ ಏನೋ ಮಾಡಿ, ಈಗ ಅದರ ಮರಿಗೂ ಏನೋ ಮಾಡುತ್ತಿದೆ ಎಂದು ಕೇಳಿದವರೆಲ್ಲ ಬಿಡಿಸಿ ಹೇಳುತ್ತಿದ್ದರು. ವ್ಯಾಕರಣದ ಬಹುಪಾಲು ಪದದ ತುದಿಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಚೆಂದದ ನಿದರ್ಶನ ಬೇಕಿಲ್ಲ.

ಇಂಥ ಭಾಷೆಯಲ್ಲಿ ಬೆಳೆದ ಮಗು ಅರ್ಥಕ್ಕಾಗಿ ಪದದ ಕೊನೆಯನ್ನು ಗಮನಿಸಲು ಕಲಿಯುತ್ತದೆ. ಇಂಗ್ಲಿಷಿನ ಮಗು ಪದ ಕುಳಿತ ಜಾಗವನ್ನು ನೋಡಲು ಕಲಿಯುತ್ತದೆ. ಎಲಿಜಬೆತ್ ಬೇಟ್ಸ್ ಮತ್ತು ಬ್ರಯನ್ ಮ್ಯಾಕ್‌ವಿನ್ನಿ 1980ರ ದಶಕದಲ್ಲಿ ಬೆಳೆಸಿದ ಸಿದ್ಧಾಂತದ ತಿರುಳು ಇದೇ: ಪ್ರತಿ ಭಾಷೆಯೂ ತನ್ನ ಮಾತುಗಾರರಿಗೆ ಯಾವ ಸುಳಿವನ್ನು ನಂಬಬೇಕು ಎಂದು ಕಲಿಸಿರುತ್ತದೆ, ಹೊಸ ಭಾಷೆಗೆ ಬಂದಾಗ ಅವರು ಹಳೆಯ ಸುಳಿವುಗಳನ್ನೇ ಮೊದಲು ಹುಡುಕುತ್ತಾರೆ.

ಕನ್ನಡ ಓದುಗರಿಗೆ ಇದರಲ್ಲಿ ಬಹಳಷ್ಟು ಪರಿಚಿತ. ಕನ್ನಡದಲ್ಲೂ ವಿಭಕ್ತಿ ಪ್ರತ್ಯಯಗಳಿವೆ, 'ದ'ಗೆ ಸಮನಾದ ಪದವಿಲ್ಲ. 'ಅವನು ವಿದ್ಯಾರ್ಥಿ' ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. 'ನನ್ನ ಹತ್ತಿರ ಪುಸ್ತಕ ಇದೆ' ಎಂದು ನಾವು ಹೇಳುವಂತೆಯೇ ರಷ್ಯನ್ನರೂ 'ಉ ಮೆನ್ಯಾ ಯೆಸ್ತ್ ಕ್ನೀಗ' ಎನ್ನುತ್ತಾರೆ. ಇಂಗ್ಲಿಷಿನ 'ಹ್ಯಾವ್' ಇಬ್ಬರಿಗೂ ಹೊಸತು. ಐದು ವರ್ಷದಿಂದ ಒಂದೂರಿನಲ್ಲಿ ಇರುವುದನ್ನು ಎರಡೂ ಭಾಷೆಗಳು ವರ್ತಮಾನದ ಕ್ರಿಯಾಪದದಲ್ಲಿ ಹೇಳಿ ಮುಗಿಸುತ್ತವೆ. ಇಂಗ್ಲಿಷ್ ಮಾತ್ರ ಅಲ್ಲಿ 'ಹ್ಯಾವ್ ಬೀನ್' ಬೇಕೇ ಬೇಕು ಎನ್ನುತ್ತದೆ.

'ದ' ಮತ್ತು 'ಎ' ವಿಷಯದಲ್ಲಿ ರಷ್ಯನ್ನರು ಮಾಡುವ ತಪ್ಪುಗಳಿಗೂ ಒಂದು ಕ್ರಮವಿದೆ ಎಂದು ಟಾನ್ಯಾ ಅಯೋನಿನ್, ಹೀಜುಂಗ್ ಕೋ, ಕೆನೆತ್ ವೆಕ್ಸ್ಲರ್ 2004ರಲ್ಲಿ ತೋರಿಸಿದರು. ಒಬ್ಬಾಕೆ ಗ್ರಂಥಾಲಯಕ್ಕೆ ಬಂದು, 'ಒಂದು ಪುಸ್ತಕ ಹುಡುಕುತ್ತಿದ್ದೇನೆ, ಕೆಂಪು ರಟ್ಟು, ಅದರ ಮೊದಲ ಪುಟದಲ್ಲಿ ನಮ್ಮ ತಾತನ ಸಹಿ ಇದೆ' ಎನ್ನುತ್ತಾಳೆ ಎಂದುಕೊಳ್ಳಿ. ಆಕೆಯ ಮನಸ್ಸಿನಲ್ಲಿರುವುದು ಒಂದೇ ಒಂದು ಗೊತ್ತಾದ ಪುಸ್ತಕ. ಆದರೆ ಗ್ರಂಥಪಾಲಕರಿಗೆ ಅದು ಯಾವುದೆಂದು ಇನ್ನೂ ತಿಳಿಯದು. ಇಂಗ್ಲಿಷ್ ಇಲ್ಲಿ ಕೇಳುವವರ ಕಡೆಯಿಂದ ಲೆಕ್ಕ ಹಾಕಿ 'ಎ ಬುಕ್' ಎನ್ನುತ್ತದೆ. ರಷ್ಯನ್ ಕಲಿಕೆದಾರರಲ್ಲಿ ಹಲವರು ಇಂಥ ಕಡೆ ಹೇಳುವವರ ಮನಸ್ಸನ್ನು ನೋಡಿ 'ದ ಬುಕ್' ಎಂದುಬಿಡುತ್ತಾರೆ. ಯಾವುದಾದರೂ ಒಂದು ಪುಸ್ತಕ ಸಾಕು ಎನ್ನುವ ಸಂದರ್ಭದಲ್ಲಿ ಅವರು ಅಷ್ಟು ತಪ್ಪುವುದಿಲ್ಲ. ಹೇಳುವವರಿಗೆ ಗೊತ್ತಿರುವುದು, ಗೊತ್ತಿಲ್ಲದ್ದು ಎಂಬ ಈ ಭೇದವನ್ನೇ ಆಧರಿಸಿದ ವ್ಯಾಕರಣ ಪೆಸಿಫಿಕ್ ದ್ವೀಪದ ಸಮೋವನ್ ಭಾಷೆಯಲ್ಲಿದೆ. ಕಲಿಯುವವರು ಕಣ್ಣುಮುಚ್ಚಿ ಊಹಿಸುತ್ತಿಲ್ಲ. ಮನುಷ್ಯರ ಭಾಷೆಗಳಲ್ಲಿ ಸಾಧ್ಯವಿರುವ ಎರಡು ನಿಯಮಗಳ ನಡುವೆ ತೂಗಾಡುತ್ತಿದ್ದಾರೆ.

ಓದುವ ಕಷ್ಟ ಅಕ್ಷರದಿಂದಲೇ ಶುರು. ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. 18ನೇ ಶತಮಾನದ ಆರಂಭದಲ್ಲಿ ಒಂದನೇ ಪೀಟರ್ ಅಚ್ಚಿನ ಅಕ್ಷರಗಳನ್ನು ತಿದ್ದಿಸಿದ ಮೇಲೆ ಅವುಗಳ ರೂಪ ಲ್ಯಾಟಿನ್ ಅಕ್ಷರಗಳಿಗೆ ಇನ್ನಷ್ಟು ಹತ್ತಿರವಾಯಿತು. ಆಕಾರ ಒಂದೇ ಆದರೂ ಸದ್ದು ಬೇರೆಯಾದ ಅಕ್ಷರಗಳು ಎರಡೂ ಕಡೆ ಇವೆ. ಇಂಗ್ಲಿಷಿನ 'ಪಿ' ಆಕಾರ ಅಲ್ಲಿ 'ರ', 'ಎಚ್' ಆಕಾರ 'ನ', 'ಬಿ' ಆಕಾರ 'ವ', 'ಸಿ' ಆಕಾರ 'ಸ'. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ 'ಪಾಟ್' ಎಂದು ಬರೆದರೆ ರಷ್ಯನ್ ಕಣ್ಣು ಅದನ್ನು 'ರೋತ್' ಎಂದು ಓದಿಕೊಳ್ಳುತ್ತದೆ, ಬಾಯಿ ಎಂಬ ಅರ್ಥದ ಪದವಾಗಿ. ಕೈಬರಹದಲ್ಲಿ ಇನ್ನೂ ಗೊಂದಲ: ಕೂಡಕ್ಷರದಲ್ಲಿ ಬರೆದ ರಷ್ಯನ್ 'ತ' ಇಂಗ್ಲಿಷಿನ 'ಎಮ್'ನಂತೆ, 'ದ' ಅಕ್ಷರ 'ಜಿ'ಯಂತೆ ಕಾಣುತ್ತದೆ.

ಅಕ್ಷರ ದಾಟಿದರೆ ಸದ್ದಿನ ಸರದಿ. ರಷ್ಯನ್ನಿನಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದಿಲ್ಲ. 'ಬಿಡು', 'ಬೀಡು' ಎಂದು ಬೇರೆಮಾಡಿ ಕೇಳಲು ಕಲಿತ ಕನ್ನಡದ ಮಗುವಿಗೆ 'ಶಿಪ್', 'ಶೀಪ್' ನಡುವಿನ ಅಂತರ ಸುಲಭ. ಮಾಸ್ಕೋದ ಮಗು ಅದನ್ನು ಕಿವಿಗೊಟ್ಟು ರೂಢಿಸಿಕೊಳ್ಳಬೇಕು. ಪದದ ಕೊನೆಯ ಘೋಷ ವ್ಯಂಜನ ರಷ್ಯನ್ನಿನಲ್ಲಿ ಅಘೋಷವಾಗುತ್ತದೆ. ನಗರ ಎಂಬ ಅರ್ಥದ ಪದವನ್ನು 'ಗೋರದ್' ಎಂದು ಬರೆದು 'ಗೋರತ್' ಎನ್ನುತ್ತಾರೆ. ಅದೇ ರೂಢಿ ಇಂಗ್ಲಿಷಿಗೂ ಬಂದು 'ಬೆಡ್' ಹೋಗಿ 'ಬೆಟ್' ಆಗುತ್ತದೆ.

ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ರಷ್ಯನ್ ಭಾಷೆಯನ್ನು ತಲೆಯಿಂದ ಆಚೆಗಿಟ್ಟು ಕುಳಿತರೆ ಆಗದೇ? ಕಾರ್ನೆಲ್ ವಿಶ್ವವಿದ್ಯಾಲಯದ ಮೈಕಲ್ ಸ್ಪೈವಿ ಮತ್ತು ವಿಯೋರಿಕಾ ಮರಿಯನ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಎರಡೂ ಭಾಷೆ ಬಲ್ಲವರ ಮುಂದೆ ಒಂದಷ್ಟು ವಸ್ತುಗಳನ್ನಿಟ್ಟು, ಅವರ ಕಣ್ಣು ಎತ್ತ ತಿರುಗುತ್ತದೆ ಎಂದು ಉಪಕರಣದಿಂದ ಅಳೆದರು. ರಷ್ಯನ್ನಿನಲ್ಲಿ 'ಮಾರ್ಕ' ಎಂದರೆ ಅಂಚೆಚೀಟಿ. ಅಂಚೆಚೀಟಿ ಎತ್ತಿಡಿ ಎಂದು ರಷ್ಯನ್ನಿನಲ್ಲಿ ಹೇಳಿದಾಗ, ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೂ ಕಣ್ಣು ಹೊರಳುತ್ತಿತ್ತು. ಆ ಹೊತ್ತಿಗೆ ಇಂಗ್ಲಿಷ್ ಬೇಕಿರಲಿಲ್ಲ, ಆದರೂ ಅದು ಎಚ್ಚರವಾಗಿತ್ತು. ಮುಂದಿನ ಪ್ರಯೋಗಗಳಲ್ಲಿ ಇಂಗ್ಲಿಷ್ ಕೇಳುವಾಗ ರಷ್ಯನ್ ಹೀಗೇ ಎಚ್ಚರವಾಗಿರುವುದೂ ಕಂಡುಬಂತು. ಮಾತೃಭಾಷೆಯನ್ನು ತರಗತಿಯಿಂದ ಹೊರಗಿಡಬಹುದು, ವಿದ್ಯಾರ್ಥಿಯ ತಲೆಯಿಂದ ಹೊರಗಿಡಲಾಗದು ಎಂಬ ಮಾತನ್ನು ಶ್ಚೆರ್ಬಾ ಬಹಳ ಹಿಂದೆಯೇ ಮಂಡಿಸಿದ್ದರು. ಹೇಗೂ ಹೋಲಿಕೆ ನಡೆಯುತ್ತಿರುತ್ತದೆ, ಅದನ್ನು ತಿಳಿದು ನಡೆಸುವುದೇ ಮೇಲು ಎಂಬುದು ಅವರ ವಾದ.

ಸೋವಿಯತ್ ಕಾಲದ ಪಠ್ಯಗಳು ಬಹುಮಟ್ಟಿಗೆ ಈ ಹಾದಿಯಲ್ಲೇ ನಡೆದವು. ನತಾಲ್ಯಾ ಬೊಂಕ್ ಮತ್ತು ಸಂಗಡಿಗರ ಇಂಗ್ಲಿಷ್ ಪಠ್ಯಪುಸ್ತಕ ತಲೆಮಾರುಗಳ ಕಾಲ ಮರುಮುದ್ರಣಗೊಂಡಿತು. ಯೂರಿ ಗಲಿತ್ಸೀನ್‌ಸ್ಕಿ ಅವರ ವ್ಯಾಕರಣ ಅಭ್ಯಾಸಗಳ ಪುಸ್ತಕ ಇಂದಿಗೂ ರಷ್ಯನ್ ಶಾಲಾಮಕ್ಕಳ ಚೀಲದಲ್ಲಿದೆ. ಬಿಟ್ಟ ಸ್ಥಳ ತುಂಬುವುದು, ಅನುವಾದ ಮಾಡುವುದು ಅದರ ಮುಖ್ಯ ಕೆಲಸ. ಅದರ ಜೊತೆಗೆ 'ಮನೆ ಓದು' ಎಂಬ ರೂಢಿ: ವಿದ್ಯಾರ್ಥಿಗಳು ಇಂಗ್ಲಿಷ್ ಕಥೆಯ ಕೆಲವು ಪುಟಗಳನ್ನು ಮನೆಯಲ್ಲಿ ಓದಿಕೊಂಡು ಬಂದು ತರಗತಿಯಲ್ಲಿ ಚರ್ಚಿಸಬೇಕು. ಭಾಷಾತಜ್ಞ ಇಲ್ಯಾ ಫ್ರಾಂಕ್ ಅವರ ವಿಧಾನ ಇನ್ನೊಂದು ಬಗೆಯದು. ಅದರಲ್ಲಿ ಕಥೆಯ ಒಂದು ತುಣುಕು ಎರಡು ಸಲ ಬರುತ್ತದೆ. ಮೊದಲ ಸಲ ಪದಗುಚ್ಛಗಳ ನಡುನಡುವೆ ರಷ್ಯನ್ ಅನುವಾದ ಸೇರಿರುತ್ತದೆ, ಎರಡನೇ ಸಲ ಬರೀ ಇಂಗ್ಲಿಷ್. ನಿಘಂಟು ತೆರೆಯದೆ ಕಥೆ ಮುಂದೆ ಸಾಗುತ್ತದೆ.

ಓದಿಗೆ ಆರಿಸುವ ಪುಸ್ತಕ ಎಷ್ಟು ಸುಲಭವಿರಬೇಕು ಎಂಬುದಕ್ಕೂ ಒಂದು ಅಳತೆ ಸಿಕ್ಕಿದೆ. ಮಾರ್ಸೆಲಾ ಹೂ ಮತ್ತು ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಕಥೆಯೊಂದು ಚೆನ್ನಾಗಿ ಅರ್ಥವಾಗಲು ಅದರ ನೂರಕ್ಕೆ ಸುಮಾರು 98 ಪದಗಳು ಗೊತ್ತಿರಬೇಕು. 50 ಪದಕ್ಕೆ ಒಂದೇ ಹೊಸ ಪದ. ಶುರುವಿನ ಹಂತದಲ್ಲಿರುವವರಿಗೆ ಸರಳಗೊಳಿಸಿದ ಕಥೆಗಳೇ ಸರಿ ಎನ್ನುವುದು ಇದಕ್ಕೇ. ಪ್ರತಿ ಸಾಲಿನಲ್ಲೂ ಅರ್ಥ ಹುಡುಕುತ್ತ ಕೂತರೆ 'ದ', 'ಎ'ಗಳತ್ತ ಹರಿಸಲು ಗಮನವೇ ಉಳಿಯುವುದಿಲ್ಲ.

ವ್ಯಾಕರಣ ಮತ್ತು ಓದು ಎರಡನ್ನೂ ಸೇರಿಸುವ ಒಂದು ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಠ್ಯದಿಂದ ಪದಗಳನ್ನು ಅಳಿಸಿ ಓದುಗರಿಂದ ತುಂಬಿಸುವ ವಿಧಾನವನ್ನು ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಬಳಕೆಗೆ ತಂದದ್ದು ಬರಹ ಎಷ್ಟು ಸುಲಭ ಎಂದು ಅಳೆಯಲು. ರಷ್ಯನ್ ಕಲಿಕೆದಾರರು ಅದನ್ನು ತಮ್ಮ ಅಗತ್ಯಕ್ಕೆ ಹೊಂದಿಸಿಕೊಳ್ಳಬಹುದು. ಈಗಾಗಲೇ ಓದಿ ಅರ್ಥಮಾಡಿಕೊಂಡ ಒಂದು ಪ್ಯಾರಾದಿಂದ 'ಎ', 'ದ', 'ಈಸ್'ಗಳನ್ನಷ್ಟೇ ಅಳಿಸಬೇಕು. ಮರುದಿನ ನೆನಪಿನಿಂದ ತುಂಬಿ ಮೂಲದೊಂದಿಗೆ ಹೋಲಿಸಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಅಭ್ಯಾಸದಿಂದ ಕಲಿತದ್ದು ವಾರದ ನಂತರವೂ ಹೆಚ್ಚು ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. 'ಎ', 'ದ' ತಪ್ಪಾದ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಯಾವುದೆಂದು ಕೇಳುವವರಿಗೆ ಈ ಹೊತ್ತಿಗೆ ಗೊತ್ತಿದೆಯೇ? ಗೊತ್ತಿದ್ದರೆ 'ದ', ಗೊತ್ತಿಲ್ಲದಿದ್ದರೆ 'ಎ'. ನದಿ, ಪರ್ವತಗಳ ಹೆಸರುಗಳಂಥ ಕಡೆ ಈ ಸೂತ್ರ ನಡೆಯದು, ಅವನ್ನು ಬೇರೆಯಾಗಿ ಕಲಿಯಬೇಕು. ಆದರೆ ಗ್ರಂಥಾಲಯದ ಕೆಂಪು ರಟ್ಟಿನ ಪುಸ್ತಕದಂಥ ಸಂದರ್ಭಗಳಲ್ಲಿ ರಷ್ಯನ್ ಕಲಿಕೆದಾರರ ಗಮನ ಹೇಳುವವರಿಂದ ಕೇಳುವವರ ಕಡೆಗೆ ಹೊರಳುವುದು ಈ ಪ್ರಶ್ನೆಯಿಂದಲೇ.