ಕುರಿಯ ಮೈಯಿಂದ ಮಗ್ಗದವರೆಗೆ: ನವಾಹೊ ಜನರ ನೇಯ್ಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ, ಅರಿಜೋನ, ನ್ಯೂ ಮೆಕ್ಸಿಕೊ ಮತ್ತು ಯೂಟಾ ಎಂಬ ಮೂರು ರಾಜ್ಯಗಳಲ್ಲಿ ಹರಡಿಕೊಂಡಿರುವ ಒಣ ಪ್ರಸ್ಥಭೂಮಿಯು ನವಾಹೊ ಜನರ ನೆಲೆಯಾಗಿದೆ. 'ನವಾಹೊ' ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ಆ ಪದಕ್ಕೆ 'ಜನ' ಎಂದರ್ಥ. ಒಂದೇ ನುಡಿಯ ಜನರ ನಡುವೆ ರಾಜ್ಯಗಳ ಗಡಿರೇಖೆ ಹಾದುಹೋಗುವುದೆಂದರೆ ಏನೆಂಬುದನ್ನು ಗಡಿನಾಡಿನ ಕನ್ನಡ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ಈ ಜನರ ಉಣ್ಣೆಯ ಹಾಸುಗಂಬಳಿಗಳು ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ.

ಯುರೋಪಿಯನ್ನರು ಬರುವ ಮುನ್ನ ಅಮೆರಿಕ ಖಂಡದಲ್ಲಿ ಸಾಕುಕುರಿ ಇರಲಿಲ್ಲ. 1598ರಲ್ಲಿ ಸ್ಪೇನಿನ ವಲಸೆಗಾರರು ಇಂದಿನ ನ್ಯೂ ಮೆಕ್ಸಿಕೊ ಪ್ರದೇಶಕ್ಕೆ 'ಚುರ್ರೊ' ಎಂಬ ತಳಿಯ ಕುರಿಗಳನ್ನು ಹೊಡೆದುಕೊಂಡು ಬಂದರು. ಮುಂದಿನ ಶತಮಾನದಲ್ಲಿ ಅವು ನವಾಹೊ ಜನರ ಕೈಸೇರಿದವು. ನಿಲುವು ಮಗ್ಗದ ವಿದ್ಯೆಯನ್ನು ಅವರು ನೆರೆಯ ಪ್ಯೂಬ್ಲೊ ಜನರಿಂದ ಕಲಿತರೆಂದು ವಿದ್ವಾಂಸರು ಹೇಳುತ್ತಾರೆ. ಪ್ಯೂಬ್ಲೊಗಳಲ್ಲಿ ನೇಯುವವರು ಗಂಡಸರು. ನವಾಹೊಗಳಲ್ಲಿ ಈ ಕಸುಬು ಬಹುಮಟ್ಟಿಗೆ ಹೆಂಗಸರದಾಯಿತು. ದಿನೆ ಜನರ ಪರಂಪರೆ ಹೇಳುವ ಕಥೆ ಬೇರೆ. ನೇಯ್ಗೆಯನ್ನು ಕಲಿಸಿದವಳು ಜೇಡಮಾತೆ. ಮಗ್ಗ ಮಾಡುವ ಬಗೆಯನ್ನು ತಿಳಿಸಿದವನು ಜೇಡಪುರುಷ. ಆ ಮೊದಲ ಮಗ್ಗದ ಅಡ್ಡಮರಗಳು ಆಕಾಶ ಮತ್ತು ಭೂಮಿಯಿಂದಾದವು. ಅರಿಜೋನದ ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ಸುಮಾರು 240 ಮೀಟರು ಎತ್ತರಕ್ಕೆ ನಿಂತಿರುವ ಕಲ್ಲುಕಂಬವೇ ಜೇಡಮಾತೆಯ ಮನೆಯೆಂದು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ತರಗತಿಯಲ್ಲಿ ಎರಡು ವೃತ್ತಾಂತಗಳನ್ನೂ ಹೇಳಬಹುದು. ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ.

ಚುರ್ರೊ ಕುರಿಯ ತುಪ್ಪಟ ಎರಡು ಪದರದ್ದು: ಒಳಗೆ ಮೃದುವಾದ ಗಿಡ್ಡ ಉಣ್ಣೆ, ಹೊರಗೆ ಉದ್ದವಾದ ಒರಟು ಕೂದಲು. ಎಳೆ ಹೆಚ್ಚು ಸುರುಳಿಯಾಗಿರುವುದಿಲ್ಲ, ಜಿಡ್ಡು ಬಹಳ ಕಡಿಮೆ. ನೀರಿನ ಅಭಾವವಿರುವ ನಾಡಿನಲ್ಲಿ ಈ ಗುಣವೇ ಮುಖ್ಯ. ಜಿಡ್ಡಿಲ್ಲದ ಉಣ್ಣೆಯನ್ನು ಕೊಡವಿ, ಕಸಕಡ್ಡಿ ಆಯ್ದು, ತೊಳೆಯದೆಯೇ ಹಿಂಜಿ ನೂಲಬಹುದು. ತೊಳೆಯಬೇಕಾದಾಗ ಯುಕ್ಕಾ ಎಂಬ ಮರುಭೂಮಿ ಸಸ್ಯದ ಬೇರನ್ನು ಜಜ್ಜಿ ನೊರೆ ಬರಿಸುತ್ತಾರೆ. ನಮ್ಮಲ್ಲಿ ಅಂಟುವಾಳ ಕಾಯಿ ಮಾಡುವ ಕೆಲಸವನ್ನು ಅಲ್ಲಿ ಈ ಬೇರು ಮಾಡುತ್ತದೆ. ಬಿಳಿ, ಕಪ್ಪು, ಕಂದು ಬಣ್ಣಗಳು ಕುರಿಯಿಂದಲೇ ದೊರೆಯುತ್ತವೆ. ಜತ್ತ, ಅಕ್ಕಲಕೋಟೆ, ರಾಯದುರ್ಗಗಳ ಕಡೆಯ ತರಗತಿಗಳಲ್ಲಿ ಕುರಿ ಸಾಕುವ ಮನೆಯ ಮಕ್ಕಳಿದ್ದರೆ, ದಖ್ಖನಿ ಕುರಿಯ ಒರಟು ಕರಿಯುಣ್ಣೆಯನ್ನು ಅವರಿಂದಲೇ ತರಿಸಿ ಈ ಭಾಗವನ್ನು ವಿವರಿಸುವುದು ಸುಲಭ.

ವಸಂತದಲ್ಲಿ ಕತ್ತರಿಸಿದ ಉಣ್ಣೆಯನ್ನು ತಂತಿಹಲ್ಲುಗಳುಳ್ಳ ಎರಡು ಹಲಗೆಗಳ ನಡುವೆ ಎಳೆದು ಹಂಜಿ ಮಾಡುತ್ತಾರೆ. ಬಿಳಿ ಮತ್ತು ಕಪ್ಪು ಉಣ್ಣೆಯನ್ನು ಈ ಹಂತದಲ್ಲಿ ಕೂಡಿಸಿದರೆ ಬೂದುಬಣ್ಣ ಬರುತ್ತದೆ. ಅನಂತರ ಕದಿರಿನ ಕೆಲಸ. ನವಾಹೊ ಕದಿರು ಉದ್ದನೆಯ ಕಡ್ಡಿ; ಅದರ ಕೆಳಭಾಗದಲ್ಲಿ ಮರದ ಬಿಲ್ಲೆ ಇರುತ್ತದೆ. ನೂಲುವವಳು ಕದಿರಿನ ತುದಿಯನ್ನು ನೆಲಕ್ಕೆ ಊರಿ, ಕಡ್ಡಿಯನ್ನು ಬಲತೊಡೆಯ ಮೇಲೆ ಉರುಳಿಸುತ್ತ ಎಡಗೈಯಿಂದ ಹಂಜಿಯನ್ನು ಎಳೆಯುತ್ತಾಳೆ. ಒಮ್ಮೆ ನೂತರೆ ಸಾಲದು. ಎಳೆ ಸಮನಾಗಿ ತೆಳುವಾಗಲು ಎರಡು ಮೂರು ಸಲ ನೂಲಬೇಕು. ಹಾಸಿನ ನೂಲು ಮಗ್ಗದ ಬಿಗಿತವನ್ನು ತಾಳಬೇಕಾದ್ದರಿಂದ ಅದಕ್ಕೆ ಇನ್ನೂ ಹೆಚ್ಚಿನ ಹುರಿ ಬೇಕು.

ಬಣ್ಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಹಳೆಯ ನವಾಹೊ ಬಟ್ಟೆಗಳೆಲ್ಲ ಸಸ್ಯಬಣ್ಣದವು ಎಂಬುದು ಸರಿಯಲ್ಲ. ಕಾಡು ಅಕ್ರೋಡಿನ ಸಿಪ್ಪೆಯ ಕಂದು, 'ರ‍್ಯಾಬಿಟ್‌ಬ್ರಷ್' ಎಂಬ ಪೊದೆಯ ಹೂವಿನ ಹಳದಿ, ಬಣ್ಣ ಕಚ್ಚಲು ಬಂಡೆಗಳ ಬಳಿ ಸಿಗುವ ಪಟಿಕ ಇವೆಲ್ಲ ಉಂಟು. ಆದರೆ ಇಂದು ಪ್ರಸಿದ್ಧವಾಗಿರುವ ಸಸ್ಯಬಣ್ಣಗಳ ವೈವಿಧ್ಯ ಹೆಚ್ಚಾಗಿ 1920ರ ಅನಂತರ ಬೆಳೆದದ್ದು. ನೀಲಿ ಮೆಕ್ಸಿಕೊ ಕಡೆಯಿಂದ ವ್ಯಾಪಾರವಾಗಿ ಬಂತು. ಕೆಂಪಿಗಾಗಿ ಹೊರದೇಶದ ಉಣ್ಣೆಬಟ್ಟೆಯನ್ನು ಕೊಂಡು, ಎಳೆ ಎಳೆಯಾಗಿ ಬಿಚ್ಚಿ, ಅದನ್ನೇ ಮತ್ತೆ ನೇಯುತ್ತಿದ್ದರು. ಅಂತಹ ಹಳೆಯ ಎಳೆಗಳ ಪರೀಕ್ಷೆಯಲ್ಲಿ ಅರಗಿನ ಬಣ್ಣ ಕಂಡುಬಂದಿದೆ. ಅರಗಿನ ಹುಳು ಭಾರತ ಮತ್ತು ಅದರ ಪೂರ್ವದ ನಾಡುಗಳದ್ದು. ಅಲ್ಲಿಂದ ಯುರೋಪಿಗೆ, ಯುರೋಪಿನಿಂದ ಅಮೆರಿಕಕ್ಕೆ ಹೋದ ಕೆಂಪು ಅದು.

ಮಗ್ಗದ ರಚನೆಯನ್ನು ತುಸು ನಿಧಾನವಾಗಿ ನೋಡಬೇಕು. ನವಾಹೊ ನೇಯ್ಗೆಯ ವೈಶಿಷ್ಟ್ಯ ಇರುವುದು ಇಲ್ಲಿಯೇ. ನಮ್ಮ ಕಂಬಳಿಯ ಗುಂಡಿ ಮಗ್ಗ ನೆಲಕ್ಕೆ ಸಮಾನಾಂತರವಾದುದು. ನವಾಹೊ ಮಗ್ಗ ನೆಟ್ಟಗೆ ನಿಂತದ್ದು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಜಮಖಾನ ನೇಯುವ ನಿಲುವು ಮಗ್ಗವನ್ನು ನೋಡಿದವರಿಗೆ ಇದರ ಕಲ್ಪನೆ ಬರುತ್ತದೆ. ಹಾಸನ್ನು ಮೊದಲು ನೆಲದ ಮೇಲಿನ ತಾತ್ಕಾಲಿಕ ಚೌಕಟ್ಟಿನಲ್ಲಿ ಕಟ್ಟುತ್ತಾರೆ. ಒಂದೇ ಅಖಂಡ ನೂಲನ್ನು ಎರಡು ಕೋಲುಗಳ ನಡುವೆ 8ರ ಆಕಾರದಲ್ಲಿ ಸುತ್ತುತ್ತ ಹೋಗಬೇಕು. ಎರಡೂ ತುದಿಗಳಲ್ಲಿ ಹಾಸಿನ ಎಳೆಗಳ ನಡುವೆ ದಪ್ಪ ಹುರಿಯನ್ನು ಹೆಣೆದು ಅಂತರವನ್ನು ಸ್ಥಿರಗೊಳಿಸಿದ ಮೇಲೆ, ಆ ಹುರಿಯನ್ನೇ ಮಗ್ಗದ ಅಡ್ಡಕೋಲುಗಳಿಗೆ ಕಟ್ಟಿ ನಿಲ್ಲಿಸುತ್ತಾರೆ. ಅಂದರೆ ಹಾಸಿನ ನೂಲನ್ನು ಎಲ್ಲಿಯೂ ಕತ್ತರಿಸುವುದಿಲ್ಲ. ನೇಯ್ದು ಮುಗಿದಾಗ ನಾಲ್ಕು ಕಡೆಯೂ ಪೂರ್ಣಗೊಂಡ ಅಂಚು ದೊರೆಯುತ್ತದೆ, ಜಾಲರಿ ಉಳಿಯುವುದಿಲ್ಲ.

ಈ ಕ್ರಮದಿಂದಾಗುವ ಕಷ್ಟ ಕೊನೆಯಲ್ಲಿ ಗೊತ್ತಾಗುತ್ತದೆ. ಹೊಕ್ಕಿನ ನೂಲನ್ನು ಲಾಳಿಯಿಲ್ಲದೆ ಬೆರಳಿನಿಂದಲೇ ತೂರಿಸಿ, ಮರದ ಬಾಚಣಿಗೆಯಿಂದ ಹಾಸು ಕಾಣದಂತೆ ಬಡಿದು ಕೂಡಿಸುತ್ತಾರೆ. ಮೇಲಿನ ಅಂಚು ಹತ್ತಿರವಾದಂತೆ ಹಾಸನ್ನು ತೆರೆಯಲು ಸ್ಥಳವಿರುವುದಿಲ್ಲ. ಅಗಲ ಪಟ್ಟಿಯ ಬದಲು ಕಿರಿದಾದ ಪಟ್ಟಿ, ಅನಂತರ ಕಡ್ಡಿ, ಕಟ್ಟಕಡೆಗೆ ಸೂಜಿ ಬಳಸಿ ಕೊನೆಯ ಎಳೆಗಳನ್ನು ತುಂಬಬೇಕಾಗುತ್ತದೆ.

ವಿನ್ಯಾಸವನ್ನು ಸಾಂಪ್ರದಾಯಿಕವಾಗಿ ಕಾಗದದ ಮೇಲೆ ಬರೆದುಕೊಳ್ಳುವುದಿಲ್ಲ. ಎಡಬಲಗಳು ಸರಿಹೊಂದುವ ಮೆಟ್ಟಿಲು, ವಜ್ರಾಕೃತಿಗಳ ಲೆಕ್ಕವೆಲ್ಲ ನೇಯುವವಳ ಮನಸ್ಸಿನಲ್ಲಿಯೇ ಇರುತ್ತದೆ. ಇಡೀ ಅಗಲಕ್ಕೆ ಕೈ ನಿಲುಕದ ಕಾರಣ ಆಕೆ ಒಂದೊಂದು ಭಾಗವನ್ನು ಮೇಲಕ್ಕೆ ನೇಯ್ದು ಮುಂದಿನ ಭಾಗಕ್ಕೆ ಸರಿಯುತ್ತಾಳೆ. ಆ ಭಾಗಗಳು ಕೂಡುವಲ್ಲಿ ಓರೆಗೆರೆಗಳು ಉಳಿಯುತ್ತವೆ. ಸಂಗ್ರಾಹಕರು ಇವುಗಳಿಗೆ 'ಸೋಮಾರಿ ಗೆರೆ' ಎಂದು ಹೆಸರಿಟ್ಟರು. ಹೆಸರು ಅನ್ಯಾಯದ್ದೇ ಸರಿ. ಕೆಲವರು ಅಂಚುಪಟ್ಟಿಯಿರುವ ಹಾಸುಗಂಬಳಿಗಳಲ್ಲಿ ಒಳಗಿನಿಂದ ಹೊರಕ್ಕೆ ತೆಳುವಾದ ಒಂದು ಗೆರೆಯನ್ನು ಬಿಡುತ್ತಾರೆ. ನೇಯುವವಳ ಮನಸ್ಸು ಚೌಕಟ್ಟಿನೊಳಗೆ ಸಿಕ್ಕಿಕೊಳ್ಳದಿರಲೆಂದು ಆ ದಾರಿ.

ಈ ಬಟ್ಟೆಗಳು ಮೊದಲು ಹೊದೆಯುವ ಕಂಬಳಿಗಳಾಗಿದ್ದವು. ಅವು ನೆಲಹಾಸುಗಳಾದದ್ದು ಸಂಕಟದ ಕಾಲದ ಅನಂತರ. 1863-64ರಲ್ಲಿ ಅಮೆರಿಕದ ಸೈನ್ಯ ಹೊಲತೋಟಗಳನ್ನೂ ಕುರಿಮಂದೆಗಳನ್ನೂ ನಾಶಮಾಡಿ, ಸಾವಿರಾರು ನವಾಹೊ ಜನರನ್ನು ನೂರಾರು ಕಿಲೋಮೀಟರು ದೂರದ ಬೋಸ್ಕೆ ರೆಡೊಂಡೊ ಎಂಬ ಬಯಲಿಗೆ ನಡೆಸಿಕೊಂಡು ಹೋಯಿತು. 1868ರ ಒಪ್ಪಂದದಿಂದ ಅವರು ಮರಳಿ ಬಂದರು. ಅದೇ ಒಪ್ಪಂದದಲ್ಲಿ 15,000 ಕುರಿಮೇಕೆಗಳನ್ನು ಕೊಡುವ ಮಾತಿತ್ತು. 1880ರ ದಶಕದಲ್ಲಿ ರೈಲು ಬಂತು, ಅದರೊಂದಿಗೆ ಅಂಗಡಿಕಾರರು ಬಂದರು. ಕಾರ್ಖಾನೆಯ ಕಂಬಳಿ ಅಗ್ಗವಾಗಿ ಸಿಕ್ಕಾಗ ನವಾಹೊ ಕಂಬಳಿ ಪೂರ್ವದ ನಗರಗಳ ಮನೆಗಳಿಗೆ ನೆಲಹಾಸಾಗಿ ಹೋಯಿತು. ಗನಾಡೊದ ಕೆಂಪು, ಟೂ ಗ್ರೇ ಹಿಲ್ಸ್‌ನ ಬಣ್ಣ ಹಾಕದ ಬೂದು, ಕಂದು ಮುಂತಾದ ಊರಿಗೊಂದು ಶೈಲಿ ರೂಪುಗೊಂಡದ್ದು ಈ ವ್ಯಾಪಾರದಲ್ಲಿಯೇ. ಒಂದು ಕಾಲಕ್ಕೆ ಹಲವು ಅಂಗಡಿಕಾರರು ಇವನ್ನು ತಕ್ಕಡಿಯಲ್ಲಿ ತೂಗಿ ಬೆಲೆ ಕಟ್ಟುತ್ತಿದ್ದರು. ತೂಕಕ್ಕೆ ಬೆಲೆಯಾದಾಗ ಉಣ್ಣೆಯ ಮಣ್ಣನ್ನು ಕೊಡವುವ ಶ್ರಮವನ್ನು ಯಾರು ಪಡುತ್ತಾರೆ? ಗುಣಮಟ್ಟ ಇಳಿಯಿತು.

1930ರ ದಶಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮೇವುಗಾವಲು ಸವೆಯುತ್ತಿದೆ ಎಂಬ ಕಾರಣದಿಂದ ಸರ್ಕಾರ ಮಂದೆಗಳನ್ನು ಬಲವಂತವಾಗಿ ತಗ್ಗಿಸಿತು. ಅಸಂಖ್ಯ ಕುರಿಮೇಕೆಗಳು ಒಡೆಯರ ಕಣ್ಣೆದುರೇ ಗುಂಡಿಗೆ ಬಲಿಯಾದವು. ಮಾಂಸ ಹೆಚ್ಚು ಕೊಡುವ ತಳಿಗಳೊಂದಿಗೆ ಬೆರೆಸಿದ ಕುರಿಗಳ ಉಣ್ಣೆ ಜಿಡ್ಡಿನದು, ಸುರುಳಿಯದು; ಕೈನೂಲಿಗೆ ಒದಗದು. 1970ರ ದಶಕದ ಹೊತ್ತಿಗೆ ಶುದ್ಧ ಚುರ್ರೊ ಕುರಿಗಳು 500ಕ್ಕಿಂತ ಕಡಿಮೆ ಉಳಿದಿದ್ದವು. 1977ರಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾಲಯದ ಲೈಲ್ ಮ್ಯಾಕ್‌ನೀಲ್ ಆರಂಭಿಸಿದ ಯೋಜನೆ ದೂರದ ಕಣಿವೆಗಳಲ್ಲಿ ಉಳಿದಿದ್ದವುಗಳನ್ನು ಕೂಡಿಸಿ ತಳಿಯನ್ನು ಮತ್ತೆ ಹೆಚ್ಚಿಸಿತು.

1973ರಲ್ಲಿ ನವಾಹೊ ಜನರದೇ ಕಾಲೇಜೊಂದು ಒಂದು ಸಾಧಾರಣ ಹಾಸುಗಂಬಳಿಗೆ ಹಿಡಿಯುವ ಸಮಯವನ್ನು ಲೆಕ್ಕ ಹಾಕಿತು. ಉಣ್ಣೆ ಕತ್ತರಿಸಿ ಹಸನು ಮಾಡಲು 45 ಗಂಟೆ, ನೂಲಲು 24, ಬಣ್ಣಕ್ಕೆ 60, ನೇಯಲು 215, ಮಾರಲು 1. ಒಟ್ಟು 345 ಗಂಟೆ. ಇದೇ ವಿನ್ಯಾಸವನ್ನು ಮೆಕ್ಸಿಕೊ, ಭಾರತ ಮೊದಲಾದೆಡೆ ಅನುಕರಿಸಿ ಅಗ್ಗವಾಗಿ ಮಾರುವುದುಂಟು. ಹೊರಗೆ ತಯಾರಾದುದನ್ನು ಮೂಲನಿವಾಸಿಗಳ ಕೆಲಸವೆಂದು ಮಾರುವುದನ್ನು ಅಮೆರಿಕದ 1990ರ ಕಾನೂನೊಂದು ಅಪರಾಧವೆಂದು ಸಾರಿದೆ. ಅನುಕರಣೆಯನ್ನು ಗುರುತಿಸಲು ಬಲ್ಲವರು ಮೊದಲು ತುದಿಯನ್ನು ನೋಡುತ್ತಾರೆ: ಕತ್ತರಿಸಿದ ಹಾಸಿನ ಎಳೆಗಳು ಜಾಲರಿಯಾಗಿ ಇಳಿಬಿದ್ದಿದ್ದರೆ, ಇಲ್ಲವೆ ಒಳಕ್ಕೆ ಹೊಲಿದು ಮುಚ್ಚಿದ್ದರೆ ಸಂದೇಹ ಹುಟ್ಟುತ್ತದೆ.

ಪಾಠಕ್ಕೆ ಮುನ್ನ ಹಾಸು, ಹೊಕ್ಕು, ಹಂಜಿ, ಕದಿರು, ಹುರಿ, ಲಾಳಿ ಎಂಬ ಆರು ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಮನೆಯ ಹಿರಿಯರು ಇವಕ್ಕೆ ಏನೆನ್ನುತ್ತಾರೆಂದು ಕೇಳಿಕೊಂಡು ಬರುವಂತೆ ಮಕ್ಕಳಿಗೆ ಹೇಳಬಹುದು. ಹೊಸೂರಿನ ಮನೆಯಲ್ಲಿ ಸಿಗುವ ಮಾತು ಕಾಸರಗೋಡಿನಲ್ಲಿ ಬೇರೆಯಾಗಿರಬಹುದು, ಎರಡನ್ನೂ ಬರೆದಿಟ್ಟುಕೊಳ್ಳತಕ್ಕದ್ದು.