ದೊಡ್ಡ ಹಡಗು, ಸಣ್ಣ ಬಾಗಿಲು

ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಹಳೆಯ ಹಡಗಿನ ಮಾದರಿಗಳನ್ನು ಆಟಿಕೆ ಅಂದುಕೊಳ್ಳುವವರೇ ಹೆಚ್ಚು. ಅವು ಆಟಿಕೆಗಳಲ್ಲ. ಬ್ರಿಟನ್ನಿನ ದೊಡ್ಡ ಹಡಗು ಕಾರ್ಖಾನೆಗಳು ಹಡಗು ಕಟ್ಟುವಾಗ ಅದರದೇ ಅಳತೆಯನ್ನು ಇಳಿಸಿದ ಮಾದರಿಯೊಂದನ್ನೂ ಎಷ್ಟೋ ಸಲ ಮಾಡಿಸುತ್ತಿದ್ದವು. ಮಾಡುವವರು ನುರಿತ ಬಡಗಿಗಳು, ಲೋಹದ ಕೆಲಸದವರು. ಒಂದು ಅಡಿಗೆ ಕಾಲು ಇಂಚು ಎಂಬುದು ಅವರು ಹೆಚ್ಚಾಗಿ ಹಿಡಿದ ಲೆಕ್ಕ. ಅಂದರೆ ಅಸಲಿ ಹಡಗಿನ 48ನೇ ಒಂದು ಭಾಗ. ಈ ಲೆಕ್ಕದಲ್ಲಿ 150 ಮೀಟರ್ ಉದ್ದದ ಹಡಗಿನ ಮಾದರಿ ಮೂರು ಮೀಟರ್ ದಾಟುತ್ತದೆ. ಅದನ್ನು ಹಡಗು ಕಂಪನಿಯ ಕಚೇರಿಯಲ್ಲಿ ಬಂದವರಿಗೆಲ್ಲ ಕಾಣುವಂತೆ ಇಡುತ್ತಿದ್ದರು. ಕಂಪನಿಗಳು ಮುಚ್ಚಿದವು, ಕಚೇರಿಗಳು ಕೈಬದಲಾದವು. ಮಾದರಿಗಳು ಹರಾಜಿಗೆ, ಕ್ಲಬ್ಬಿಗೆ, ಮನೆಗಳ ಹಜಾರಕ್ಕೆ ಬಂದವು. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳ ಮುಂದೆ ಒಂದೇ ಪ್ರಶ್ನೆ: ಇದನ್ನು ಎಲ್ಲಿ ಇಡೋಣ?

ಕಡಲಿಲ್ಲದ ಕೋಲಾರ ಸೀಮೆಯಲ್ಲಿ ಈ ಮಾತು ಯಾಕೆ ಎಂದು ಕೇಳಬಹುದು. ಇಂಥ ದೊಡ್ಡ, ಹಳೆಯ, ಬೆಲೆ ಕಟ್ಟಲಾಗದ ವಸ್ತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೈಹಾಕಿದ ಮೇಲೆ ಕೆಜಿಎಫ್‌ನ ಚಿನ್ನದ ಗಣಿಗೆ ಎಂಥೆಂಥ ಯಂತ್ರಗಳು ಕಡಲು ದಾಟಿ ಬಂದವು! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾಲೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಒಲೆ ಆರಿದ ಮೇಲೆ ಯಂತ್ರಗಳು ಗುಜರಿ ದಾರಿ ಹಿಡಿಯುತ್ತವೆ. ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಓಡುತ್ತಿದ್ದ ಸಣ್ಣ ರೈಲಿನ ಹಳಿ ಹೋಗಿ ಬ್ರಾಡ್‌ಗೇಜ್ ಬಂತು. ದೇವಸ್ಥಾನಕ್ಕೆ ಹೊಸ ತೇರು ಬಂದಾಗ ಹಳೆಯ ತೇರನ್ನು ಎಲ್ಲಿ ಇಡಬೇಕೆಂಬ ಚರ್ಚೆ ನಮ್ಮ ಊರುಗಳಿಗೆ ಹೊಸದಲ್ಲ. ಹಡಗಿನ ಮಾದರಿಗೆ ಮನೆ ಹುಡುಕುವವರ ಸಂಕಟ ನಮ್ಮದೂ ಹೌದು. ಆ ಸಂಕಟಕ್ಕೆ ಒಂದು ಒಳ್ಳೆಯ ಉತ್ತರ ನಮ್ಮದೇ ರಾಜ್ಯದ ಕಾರವಾರದಲ್ಲಿದೆ.

ಮರಳ ಮೇಲೆ ನಿಂತ ಚಪಲ್

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯಿಂದಲೇ ಕಾಣುವಂತೆ, ಐಎನ್‌ಎಸ್ ಚಪಲ್ ನಿಂತಿದೆ. ಇದು ಮಾದರಿಯಲ್ಲ, ಅಸಲಿ ಯುದ್ಧನೌಕೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಕ್ಷಿಪಣಿ ದೋಣಿ. ಉದ್ದ ಸುಮಾರು 38 ಮೀಟರ್, ತೂಕ 245 ಟನ್. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. 2006ರ ನವೆಂಬರಿನಲ್ಲಿ ಮ್ಯೂಸಿಯಂ ಆಗಿ ಜನರಿಗೆ ಬಾಗಿಲು ತೆರೆಯಿತು.

1971ರ ಡಿಸೆಂಬರಿನಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ದೋಣಿ ಇದೇ ಎಂದು ಎಷ್ಟೋ ಪ್ರವಾಸಿಗರು ನಂಬಿದ್ದಾರೆ. ಆದರೆ ದಾಳಿಯ ಆ ರಾತ್ರಿ ಹೋದವು ನಿರ್ಘಾತ್, ನಿಪಾತ್, ವೀರ್ ಎಂಬ ದೋಣಿಗಳು. ಚಪಲ್ ಅದೇ ವಂಶದ ಮುಂದಿನ ತಲೆಮಾರು, ಯುದ್ಧ ಮುಗಿದ ಐದು ವರ್ಷಕ್ಕೆ ಬಂದದ್ದು. ಇಷ್ಟು ಸಣ್ಣ ದೋಣಿಗಳು ಅಷ್ಟು ದೊಡ್ಡ ಕೆಲಸ ಹೇಗೆ ಮಾಡಿದವು ಎಂಬುದನ್ನು ಕಣ್ಣಾರೆ ನೋಡಿ ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡೂ ಮಗ್ಗುಲಲ್ಲಿ ಕ್ಷಿಪಣಿ ಇಡುವ ಕೊಳವೆಯಾಕಾರದ ಗೂಡುಗಳು, ಒಟ್ಟು ನಾಲ್ಕು. ಮುಂದೊಂದು ಹಿಂದೊಂದು ಜೋಡಿನಳಿಗೆಯ 30 ಮಿಲಿಮೀಟರ್ ತೋಪು. ಒಳಗೆ ಇಳಿದರೆ ತಲೆ ತಗ್ಗಿಸಿಯೇ ನಡೆಯಬೇಕು. ಕ್ಯಾಪ್ಟನ್, ವೈದ್ಯ, ನಾವಿಕರ ಬೊಂಬೆಗಳನ್ನು ಅವರವರ ಜಾಗದಲ್ಲೇ ಇಟ್ಟಿದ್ದಾರೆ. ಮೂವತ್ತರ ಆಸುಪಾಸಿನ ಜನ ಇಷ್ಟೇ ಇಕ್ಕಟ್ಟಿನಲ್ಲಿ ಉಂಡು, ಮಲಗಿ, ಪಾಳಿಯಲ್ಲಿ ಎದ್ದು ಕಾವಲಿದ್ದರು ಎಂಬುದು ಅಲ್ಲಿ ನಿಂತಾಗ ಮೈಗೆ ತಾಕುತ್ತದೆ. ಅಳತೆಯನ್ನು ಓದಿ ತಿಳಿಯುವುದೇ ಬೇರೆ, ಭುಜ ಗೋಡೆಗೆ ಉಜ್ಜಿ ತಿಳಿಯುವುದೇ ಬೇರೆ.

ಕಾರವಾರ ಚಪಲ್‌ಗೆ ಹೊಂದುವ ಊರು. ಪಕ್ಕದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ತೀರಕ್ಕೆ ಹೇಗೂ ಜನ ಬರುತ್ತಾರೆ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತಲೇ ಇರುವುದರಿಂದ ತುಕ್ಕು ಕೆರೆದು ಬಣ್ಣ ಹಚ್ಚುವ ಕೆಲಸ ಅಲ್ಲಿ ಎಂದೂ ಮುಗಿಯುವುದಿಲ್ಲ. ಆದರೆ ಆ ಕೆಲಸ ಬಲ್ಲವರು ಅದೇ ಊರಿನಲ್ಲಿದ್ದಾರೆ.

ಕಾರವಾರಕ್ಕೆ ಈಚೆಗೆ ಇನ್ನೊಬ್ಬ ನಿವೃತ್ತ ಅತಿಥಿಯೂ ಬಂದಿದ್ದಾನೆ. ನೌಕಾಪಡೆಯ ಟುಪೊಲೆವ್ 142 ಎಂಬ ಭಾರಿ ಕಣ್ಗಾವಲು ವಿಮಾನ. ಉದ್ದ 50 ಮೀಟರಿಗೂ ಹೆಚ್ಚು. ಈ ವಿಮಾನಗಳು ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿ 2017ರಲ್ಲಿ ನಿವೃತ್ತಿಯಾದವು. ಮಾಲೂರು, ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತುವವರಿಗೆ ಅರಕ್ಕೋಣಂ ಚಿರಪರಿಚಿತ. ಅಲ್ಲಿಂದ ವಿಮಾನವನ್ನು ಭಾಗ ಭಾಗವಾಗಿ ಬಿಚ್ಚಿ, ಲಾರಿಗಳಲ್ಲಿ ಹೇರಿ, ಘಟ್ಟ ಇಳಿಸಿ, ಕಾರವಾರದಲ್ಲಿ ಮತ್ತೆ ಜೋಡಿಸಿದರು. ಈಗ ಅದು ಚಪಲ್‌ನ ಮಗ್ಗುಲಲ್ಲಿದೆ.

ಮನೆ ಸಿಗದೆ ಹೋದ ವಿಕ್ರಾಂತ್

ಚಪಲ್‌ಗೆ ಸಿಕ್ಕ ಭಾಗ್ಯ ಅದಕ್ಕಿಂತ ನೂರು ಪಾಲು ಹೆಸರುವಾಸಿಯಾದ ಹಡಗಿಗೆ ಸಿಗಲಿಲ್ಲ. ಭಾರತದ ಮೊದಲ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ 1961ರಲ್ಲಿ ಸೇವೆಗೆ ಬಂದು 1997ರಲ್ಲಿ ನಿವೃತ್ತಿಯಾಯಿತು. ಮುಂಬೈಯಲ್ಲಿ ಕೆಲವು ವರ್ಷ ತೇಲುವ ಮ್ಯೂಸಿಯಂ ಆಗಿತ್ತು. ಲಕ್ಷಾಂತರ ಜನರ ಅಭಿಮಾನವಿತ್ತು. ಆದರೆ 200 ಮೀಟರಿಗೂ ಉದ್ದದ ಹಡಗನ್ನು ಕಾಯಂ ಆಗಿ ನಿಲ್ಲಿಸುವ ಧಕ್ಕೆ ಯಾವುದು, ವರ್ಷವರ್ಷದ ದುರಸ್ತಿಗೆ ದುಡ್ಡು ಯಾರದು ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಪ್ರವೇಶ ನಿಂತಿತು. ಹಡಗನ್ನು ಉಳಿಸಿ ಎಂಬ ಮೊರೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2014ರಲ್ಲಿ ವಿಕ್ರಾಂತ್ ಸುಮಾರು 60 ಕೋಟಿ ರೂಪಾಯಿಗೆ ಗುಜರಿಯಾಯಿತು. ಅದರ ಉಕ್ಕಿನಲ್ಲಿ ಒಂದಷ್ಟು 2016ರಲ್ಲಿ ಬಂದ ಬಜಾಜ್ ವಿ ಬೈಕಿನ ಟ್ಯಾಂಕ್ ಸೇರಿತು.

ಎರಡೂ ಹಡಗುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪಾಠ ಸ್ಪಷ್ಟ. ಅಭಿಮಾನದ ಲೆಕ್ಕದಲ್ಲಿ ವಿಕ್ರಾಂತ್ ಎಷ್ಟೋ ಪಾಲು ಮುಂದಿತ್ತು. ಉಳಿದದ್ದು ಚಪಲ್, ಏಕೆಂದರೆ ಅದನ್ನು ನೆಲದ ಮೇಲೆ ನಿಲ್ಲಿಸಬಹುದಿತ್ತು, ಅದರ ಖರ್ಚನ್ನು ಒಂದು ಜಿಲ್ಲೆ ತಡೆದುಕೊಳ್ಳಬಹುದಿತ್ತು. ಹಳೆಯ ವಸ್ತುವಿಗೆ ಜಾಗ ತೋರಿಸುವವರು ಬಹಳ ಮಂದಿ ಸಿಗುತ್ತಾರೆ. ಹೊಣೆ ಹೊರುವವರು ಸಿಕ್ಕಾಗಲೇ ಅದಕ್ಕೆ ಮನೆ ಸಿಕ್ಕಿತು ಎನ್ನಬೇಕು.

ಬಿಚ್ಚಿ ತಂದು ಕಟ್ಟಿದವರು

ಹೊಣೆ ಹೊರುವುದು ಸರ್ಕಾರದ ಕೆಲಸವೇ ಆಗಬೇಕೆಂದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದಕ್ಕೆ ದೊಡ್ಡ ನಿದರ್ಶನ. ಬ್ಯಾಂಕಿನ ಕೆಲಸದಲ್ಲಿದ್ದ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಕಂಡು ಮರುಗಿ ಅಲ್ಲಿಗೇ ಸುಮ್ಮನಾಗಲಿಲ್ಲ. ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್, ಹರ್ಕೂರಿನ ಮನೆ, ಎಲ್ಲವೂ ಅಲ್ಲಿ ನೆರೆಹೊರೆಯಾಗಿವೆ. ಅವರು 2017ರಲ್ಲಿ ತೀರಿಕೊಂಡ ಮೇಲೂ ಮನೆಗಳು ನಿಂತಿವೆ. ಒಬ್ಬರ ಹಟದಿಂದ ಶುರುವಾದ ಕೆಲಸವನ್ನು ಒಂದು ಟ್ರಸ್ಟ್‌ಗೆ ಒಪ್ಪಿಸಿದ್ದೇ ಅದಕ್ಕೆ ಕಾರಣ.

ಮನೆಯಲ್ಲೊಂದು ಹಡಗಿದ್ದರೆ

ಈಗ ಗಾಜಿನ ಪೆಟ್ಟಿಗೆಯ ಹಡಗಿಗೆ ಬರೋಣ. ಅಜ್ಜನ ಕಾಲದ ದೊಡ್ಡ ಮಾದರಿ, ಅದು ಹಡಗಾಗಲಿ, ತೇರಾಗಲಿ, ರೈಲಾಗಲಿ, ಮನೆಯಲ್ಲಿದ್ದರೆ ಮೊದಲು ಮಾಡಬೇಕಾದ್ದು ಅದರ ಕಥೆ ಬರೆದಿಡುವುದು. ಯಾರು ಮಾಡಿದ್ದು, ಯಾರಿಂದ ಬಂತು, ಯಾವಾಗ ಬಂತು, ಹಳೆಯ ರಸೀದಿ, ಪತ್ರ, ಫೋಟೋ ಏನಾದರೂ ಇದೆಯೇ ಎಂದು ಮನೆಯ ಹಿರಿಯರು ಇರುವಾಗಲೇ ಕೇಳಿ ತಿಳಿಯಬೇಕು. ಮ್ಯೂಸಿಯಂನವರು ಕೇಳುವ ಮೊದಲ ಪ್ರಶ್ನೆಗಳೂ ಇವೇ. ಕಥೆ ಕಳೆದುಹೋದ ವಸ್ತು ಅವರಿಗೆ ಅರ್ಧ ಮಾತ್ರ ವಸ್ತು.

ಒರೆಸುವ ಉಮೇದು ಬೇಡ. ಹಾಯಿಕಂಬದ ಹಗ್ಗಗಳು ಹತ್ತಿಯವೋ ನಾರಿನವೋ ಆಗಿರುತ್ತವೆ. ವಯಸ್ಸಾದ ಮೇಲೆ ಅವು ಮುಟ್ಟಿದರೆ ಪುಡಿ. ಒದ್ದೆ ಬಟ್ಟೆ ತಾಕಿದರೆ ದೂಳು ಕೆಸರಾಗಿ ನೂಲಿಗೇ ಇಳಿಯುತ್ತದೆ. ಮೆತ್ತನೆಯ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ತಟ್ಟಿದರೆ ಸಾಕು. ಸಣ್ಣ ಲಂಗರು, ತೋಪುಗಳ ಮೇಲೆ ಬಿಳಿ ಪುಡಿ ಕಂಡರೆ ಕೈ ಹಾಕಲೇಬಾರದು. ಅವು ಸೀಸದಲ್ಲಿ ಎರಕ ಹೊಯ್ದವು. ಮುಚ್ಚಿದ ಪೆಟ್ಟಿಗೆಯಲ್ಲಿ ಓಕ್‌ನಂಥ ಮರ ಸೂಸುವ ಹುಳಿ ಆವಿ ವರ್ಷಗಟ್ಟಲೆ ಸೀಸವನ್ನು ತಿಂದು ಹೀಗೆ ಬೂದಿಯಾಗಿಸುತ್ತದೆ. ಆ ಪುಡಿ ವಿಷ. ಮುಖಗವಸು, ಕೈಗವಸು ತೊಟ್ಟ ತಜ್ಞರೇ ಅದನ್ನು ತೆಗೆಯಬೇಕು.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕರಕುಶಲದ ವಸ್ತುಗಳು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತವೆ. ಖಾಸಗಿಯವರು ಅವನ್ನು ದೇಶದ ಆಚೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಹಳೆಯ ಸಾಮಾನಿನ ದಲ್ಲಾಳಿ ಅವಸರ ಮಾಡಿದಷ್ಟೂ ಮನೆಯವರು ನಿಧಾನಿಸುವುದು ಒಳ್ಳೆಯದು.

ಮ್ಯೂಸಿಯಂಗೆ ಕೊಡುವುದಾದರೆ ಫೋಟೋ, ಅಳತೆ, ಕಥೆ ಮೂರನ್ನೂ ಮೊದಲು ಕಳಿಸಿ ಅವರ ಉತ್ತರಕ್ಕೆ ಕಾಯಬೇಕು. ಹೇಳದೆ ಕೇಳದೆ ಲಾರಿಯಲ್ಲಿ ತಂದಿಳಿಸಿದ ವಸ್ತು ಗೋದಾಮು ಸೇರುತ್ತದೆ. ದಾನವೋ, ಎರವಲೋ ಎಂಬುದು ಕಾಗದದ ಮೇಲೆ ಬರಬೇಕು. ಕೊಟ್ಟ ಮೇಲೆ ಸದಾ ಹಜಾರದಲ್ಲೇ ಇಡಬೇಕೆಂದು ಹಟ ಹಿಡಿದರೆ ಒಳ್ಳೆಯ ಮ್ಯೂಸಿಯಂಗಳು ಹಿಂಜರಿಯುತ್ತವೆ. ಒಂದು ಕಡೆ ಬೇಡ ಎಂದರೆ ಇನ್ನೊಂದು ಕಡೆ ಕೇಳಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಯಂತ್ರ, ತಂತ್ರಜ್ಞಾನಕ್ಕೇ ಮೀಸಲಾದದ್ದು. ಆ ಹೆಸರಿನ ವಿಶ್ವೇಶ್ವರಯ್ಯನವರು ಹಿಂದೆ ನಮ್ಮ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯವರು. ಕಡಲಿಗೆ ಸಂಬಂಧಿಸಿದ್ದಾದರೆ ಗುಜರಾತಿನ ಲೋಥಲ್‌ನಲ್ಲಿ ರಾಷ್ಟ್ರೀಯ ಸಾಗರ ಪರಂಪರೆಯ ದೊಡ್ಡ ಸಂಕೀರ್ಣ ಕಟ್ಟುತ್ತಿದ್ದಾರೆ. ಎಂಜಿನಿಯರಿಂಗ್ ಕಾಲೇಜು, ಹಳೆಯ ಹೈಸ್ಕೂಲು, ಸಾರ್ವಜನಿಕ ಗ್ರಂಥಾಲಯಗಳನ್ನೂ ಮರೆಯಬಾರದು. ಮಕ್ಕಳು ದಿನವೂ ಓಡಾಡುವ ಕಡೆ ಇದ್ದರೆ ಆ ವಸ್ತುವಿಗೆ ಕೆಲಸವೂ ಇರುತ್ತದೆ.

ಸಾಗಿಸುವುದಕ್ಕೆ ಮೊದಲು ಬಾಗಿಲು ಅಳೆಯಿರಿ. ಹಡಗು ಬಾಗಿಲಿಗಿಂತ ದೊಡ್ಡದಿದ್ದರೆ ಹಾಯಿಕಂಬ ಕಳಚುವ ಬದಲು ಕಿಟಕಿಯ ಚೌಕಟ್ಟು ತೆಗೆಯುವುದು ಲೇಸು. ಚೌಕಟ್ಟನ್ನು ಮತ್ತೆ ಕೂರಿಸಬಹುದು, ನೂರು ವರ್ಷದ ಹಗ್ಗದ ಗಂಟನ್ನು ಮತ್ತೆ ಹಾಕಲಾಗದು. ಒಡಲಿಗೆ ಸರಿಯಾದ ತೊಟ್ಟಿಲಿನಂಥ ಮರದ ಆಸರೆ ಮಾಡಿಸಿ, ಆ ಆಸರೆಯನ್ನು ಮಾತ್ರ ಬಿಗಿದು ಕಟ್ಟಬೇಕು. ಹಗ್ಗಕ್ಕೂ ಹಾಯಿಗೂ ಏನೂ ಸೋಕಬಾರದು.

ನಮ್ಮ ಜಿಲ್ಲೆಗೂ ಒಂದು ಹಾಲ್

ಭಾರದ, ನಾಜೂಕಿನ ವಸ್ತುಗಳನ್ನು ಚೂರೂ ಮುಕ್ಕಾಗದಂತೆ ದೂರದೂರಿಗೆ ಕಳಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಟನ್ನುಗಟ್ಟಲೆ ತೂಗುವ ಕಲ್ಲಿನ ವಿಗ್ರಹಗಳನ್ನು ಕೆತ್ತಿ ಕಳಿಸುತ್ತಾರೆ. ಕುರುಡುಮಲೆ, ಆವಣಿ, ಕೋಲಾರಮ್ಮನ ಗುಡಿಗಳಲ್ಲಿ ಸಾವಿರ ವರ್ಷ ಹಳೆಯ ಕೆಲಸವನ್ನು ನೋಡಿ ಬೆಳೆದ ಜನ ನಾವು. ಕೈ ಇದೆ, ಕಣ್ಣಿದೆ. ಹೊಣೆ ಹೊರುವ ಒಂದು ಏರ್ಪಾಡು ಮಾತ್ರ ಬೇಕು.

ಗಣಿಯ ಯಂತ್ರ, ಹೆಂಚಿನ ಅಚ್ಚು, ಸಣ್ಣ ರೈಲಿನ ಲ್ಯಾಂಪು, ಹಳೆಯ ತೇರಿನ ಗಾಲಿ, ಯಾರದೋ ಮನೆಯ ಹಡಗು, ಎಲ್ಲಕ್ಕೂ ಆಗುವಷ್ಟು ಎತ್ತರದ ಸೂರು, ಅಗಲದ ಬಾಗಿಲು ಇರುವ ಒಂದು ಹಾಲ್ ಕೋಲಾರದಲ್ಲಿ ಆಗಬೇಕು. ಕಟ್ಟಡಕ್ಕಿಂತ ಮೊದಲು ಒಂದು ಟ್ರಸ್ಟ್, ಒಂದು ದಾಖಲೆ ಪುಸ್ತಕ, ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ಉಸ್ತುವಾರಿ ಬೇಕು. ಟ್ರಸ್ಟ್ ಆಗುವವರೆಗೂ ಕಾಯದೆ, ದಾಖಲೆ ಬರೆಯುವ ಕೆಲಸವನ್ನು ನಾಳೆಯೇ ಶುರು ಮಾಡಬಹುದು. ಮುಳಬಾಗಿಲಿನ, ಶ್ರೀನಿವಾಸಪುರದ ಹೈಸ್ಕೂಲು ಮಕ್ಕಳು ತಮ್ಮ ಬೀದಿಯ ಹಿರಿಯರನ್ನು ಕೇಳಿ, ಯಾರ ಮನೆಯಲ್ಲಿ ಏನಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ಏನಿದೆ ಎಂದು ಗೊತ್ತಾದರೆ ಮಾತ್ರ ಅದನ್ನು ಗುಜರಿಗೆ ಹೋಗದಂತೆ ತಡೆಯಬಹುದು.