ಹೊಟ್ಟೆಯೊಳಗಿನ ಹುಳುವಿಗೆ ನಾರಿನ ಸೆರೆಮನೆ

ಕೆನಡಾದ ವ್ಯಾಂಕೂವರ್ ದ್ವೀಪದ ಸರೋವರಗಳಲ್ಲಿ ಬೆರಳುದ್ದದ ಪುಟ್ಟ ಮೀನೊಂದಿದೆ. ಬೆನ್ನ ಮೇಲೆ ಮೂರು ಮುಳ್ಳು, ಹೆಸರು ಸ್ಟಿಕಲ್‌ಬ್ಯಾಕ್. ಹೊಟ್ಟೆ ಉಬ್ಬಿದ ಮೀನನ್ನು ಸೀಳಿದರೆ ಮೊಟ್ಟೆಗಳ ಬದಲು ಬಿಳಿ ಪಟ್ಟಿಯಂಥ ಲಾಡಿಹುಳು ಸಿಗಬಹುದು. ಕೆಲವೊಮ್ಮೆ ಹುಳುವಿನ ತೂಕ ಮೀನಿನ ತೂಕಕ್ಕೇ ಸರಿಸಾಟಿ!

ಈ ಹುಳುವಿನ ಹೆಸರು ಸ್ಕಿಸ್ಟೊಸೆಫಾಲಸ್. ಹುಳುವಿನ ಮರಿಯನ್ನು ಹೊತ್ತ, ನೀರಿನ ಕೋಪೆಪಾಡ್ ಎಂಬ ಪುಟ್ಟ ಜೀವಿಯನ್ನು ಮೀನು ನುಂಗಿದಾಗ ಅದು ಒಳಸೇರಿ, ಕರುಳನ್ನು ಕೊರೆದು ಉದರದ ಪೊಳ್ಳಿಗೆ ಇಳಿಯುತ್ತದೆ. ಮೀನು ತಿನ್ನುವ ಹಕ್ಕಿಯ ಹೊಟ್ಟೆ ಸೇರಿದ ಮೇಲಷ್ಟೇ ಅದು ಮೊಟ್ಟೆಯಿಡುವುದು.

ಮೀನು ಸುಮ್ಮನಿರುವುದಿಲ್ಲ. ಮನುಷ್ಯರಲ್ಲಿ ಮೂಳೆಮಜ್ಜೆ ಮಾಡುವ, ರಕ್ತಕಣ ಹುಟ್ಟಿಸುವ ಕೆಲಸವನ್ನು ಮೀನಿನಲ್ಲಿ ಮೂತ್ರಪಿಂಡದ ಮುಂಭಾಗ ಮಾಡುತ್ತದೆ. ಅಲ್ಲಿ ಹುಟ್ಟುವ ರಕ್ಷಣಾ ಕಣಗಳು ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳನ್ನು ಚಿಮ್ಮಿಸಿ ದಾಳಿ ಮಾಡುತ್ತವೆ. ಬ್ಯಾಕ್ಟೀರಿಯಾವನ್ನಾದರೆ ನುಂಗಿಬಿಡಬಹುದು; ಇಷ್ಟು ದೊಡ್ಡ ಹುಳುವನ್ನು ನುಂಗುವುದೆಂತು? ಹಾಗಾಗಿ ಸುತ್ತುಗಟ್ಟುತ್ತವೆ. ಗಾಯದ ಕಲೆಯಂಥ ನಾರು ಅಂಗಾಂಶ ಬೆಳೆದು ಹುಳುವಿನ ಬೆಳವಣಿಗೆಗೆ ತಡೆಯೊಡ್ಡುತ್ತದೆ. ಇದೇ ಫೈಬ್ರೋಸಿಸ್.

ಆದರೆ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ನಾರು ಹಬ್ಬಿದಂತೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಂತಾನಶಕ್ತಿ ಕುಗ್ಗುತ್ತದೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಎರಡು ಸರೋವರಗಳನ್ನು ಹೋಲಿಸಿತು. ರಾಬರ್ಟ್ಸ್ ಸರೋವರದ ಮೀನುಗಳಲ್ಲಿ ಫೈಬ್ರೋಸಿಸ್ ಜೋರು, ಹುಳು ಅಪರೂಪ. ಗಾಸ್ಲಿಂಗ್ ಸರೋವರದ ಮೀನುಗಳು ಈ ಪ್ರತಿಕ್ರಿಯೆಯನ್ನೇ ಅದುಮಿಟ್ಟಿವೆ. ಹುಳುವನ್ನು ಹೊತ್ತುಕೊಂಡೇ ಈಜುತ್ತ ಮರಿಮಾಡುತ್ತವೆ.